ಜಗಲಿಯ ಬೀದಿ, ಗೇಟಿನ ಬೀದಿ

ಪ್ರಶ್ನೆ: ಹಾಸನದ ಹಳೆಯ ಪೇಟೆಯಲ್ಲಿ ನಲವತ್ತು ವರ್ಷ ಬಾಳಿದ ನಾನು ಈಗ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮಗನೊಂದಿಗಿದ್ದೇನೆ. ಮರ, ಗುಡಿ, ಮಾರುಕಟ್ಟೆ ಎಲ್ಲವೂ ಇದ್ದರೂ ಇದು ನಮ್ಮ ಕೇರಿಯಂತೆ ಅನ್ನಿಸುವುದಿಲ್ಲ. ಕಾರಣವೇನು?
— ಓರ್ವ ಹಿರಿಯ ಓದುಗರು

ಉತ್ತರ: ನಿಮ್ಮ ಅನಿಸಿಕೆ ಸರಿಯಾಗಿಯೇ ಇದೆ. ಹಳೆಯ ಪೇಟೆಗಳು ಗುಡಿ ಮತ್ತು ಸಂತೆಯ ಸುತ್ತ ತಾವಾಗಿ ಬೆಳೆದವು. ಮಲ್ಲೇಶ್ವರ ಮತ್ತು ಬಸವನಗುಡಿಗಳಾದರೋ 1898ರಲ್ಲಿ ಪ್ಲೇಗು ಬೆಂಗಳೂರಿನ ಇಕ್ಕಟ್ಟಿನ ಪೇಟೆಯನ್ನು ಆವರಿಸಿದಾಗ, ಮನೆಮನೆಗೂ ಗಾಳಿಬೆಳಕು ದೊರೆಯಲೆಂದು ಅಡ್ಡರಸ್ತೆಗಳನ್ನು ಎಳೆದು ರೂಪಿಸಿದ ಬಡಾವಣೆಗಳು. ಕಾಡು ಮಲ್ಲೇಶ್ವರನ ಗುಡಿ ಮಾತ್ರ ಬಡಾವಣೆಗಿಂತ ಹಳೆಯದು, ಹೆಸರು ಬಂದದ್ದೂ ಅಲ್ಲಿಂದಲೇ. ಮೈಸೂರಿನಲ್ಲಿಯೂ 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಮಂಡಳಿ ಸ್ಥಾಪನೆಯಾಯಿತು.

ಆದರೆ ನಿಮ್ಮನ್ನು ಕಾಡುತ್ತಿರುವುದು ಜಗಲಿಯೆಂದು ನನಗೆ ತೋರುತ್ತದೆ. ಹಳೆಯ ಮನೆಯ ಜಗಲಿ ಬೀದಿಗೆ ಅಂಟಿಕೊಂಡಿರುತ್ತದೆ; ಸೊಪ್ಪು ಸೋಸುತ್ತಾ ಕುಳಿತವರು ಹಾದುಹೋಗುವವರನ್ನು ಕರೆಯದೆ ಬಿಡುವುದಿಲ್ಲ. ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ, ಸಾಲಿನಲ್ಲಿ ನಿಂತು ದಣಿದ ಅಪರಿಚಿತರಿಗೂ ಅಂತಹ ಜಗಲಿಯೇ ಆಸರೆ. ಮಲ್ಲೇಶ್ವರದಲ್ಲಿ ಮನೆಗೂ ರಸ್ತೆಗೂ ನಡುವೆ ಕಾಂಪೌಂಡು, ಗೇಟು, ಈಗೀಗ ಅಪಾರ್ಟ್‌ಮೆಂಟಿನ ಕಾವಲುಗಾರ. ಅಲ್ಲಿ ಒಡನಾಟವಿಲ್ಲವೆಂದಲ್ಲ, ಅದು ಮನೆಬಾಗಿಲಿನಿಂದ ಎಂಟನೇ ಅಡ್ಡರಸ್ತೆಯ ಹೂವು ಹಣ್ಣಿನ ಅಂಗಡಿಗಳಿಗೆ ಸರಿದಿದೆ. ಬೆಳಿಗ್ಗೆ ಕೈಚೀಲ ಹಿಡಿದು, ದಿನವೂ ಒಬ್ಬರೇ ಹೂವಾಡಗಿತ್ತಿಯ ಬಳಿ ಮೊಳ ಮಲ್ಲಿಗೆ ಕೊಳ್ಳಿರಿ. ತಿಂಗಳೊಳಗೆ ಆಕೆಯೇ ನಿಮ್ಮ ಊರು ಯಾವುದೆಂದು ಕೇಳಿಯಾಳು.