ನೀರಿನ ಬಟ್ಟಲಲ್ಲೇ ಮಲಗುವ ಹೊಸ ಹಾವು

ಹೊಸದಾಗಿ ತಂದ ಬಾಲ್ ಪೈಥಾನ್ (ಸಣ್ಣ ಜಾತಿಯ ಹೆಬ್ಬಾವು) ಮೂರು ವಾರದಿಂದ ತಿಂದಿಲ್ಲ, ದಿನವಿಡೀ ನೀರಿನ ಬಟ್ಟಲಲ್ಲೇ ಸುತ್ತಿಕೊಂಡಿರುತ್ತದೆ, ಇದನ್ನು ಮೊದಲಿನಿಂದ ಸಾಕಿರುವ ಕಾರ್ನ್ ಸ್ನೇಕ್ ಹಾವು, ಲೆಪರ್ಡ್ ಗೆಕ್ಕೊ ಹಲ್ಲಿ ಇರುವ ಕೋಣೆಯಲ್ಲೇ ಇಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ.

ಊಟ ಬಿಟ್ಟಿರುವುದಕ್ಕಿಂತ ನನಗೆ ಆ ಬಟ್ಟಲಿನದ್ದೇ ಚಿಂತೆ. ಮೊದಲು ಅದನ್ನು ಬೆಳಕಿನಲ್ಲಿಟ್ಟು ನೋಡಿ. ತಳದಲ್ಲಿ ಗಸಗಸೆಯಷ್ಟು ಸಣ್ಣ ಕಪ್ಪು ಚುಕ್ಕೆಗಳಿವೆಯಾ? ಇದ್ದರೆ ಅವು ಮೈಟ್ ಇರಬಹುದು, ರಕ್ತ ಹೀರುವ ಹುಳಗಳು. ಕಣ್ಣಿನ ಸುತ್ತ, ಗದ್ದದ ಕೆಳಗಿನ ಸೀಳಿನಲ್ಲಿ ಅಡಗಿ ಕೂತಿರುತ್ತವೆ. ಒದ್ದೆ ಮಾಡಿದ ಬಿಳಿ ಟಿಶ್ಯೂನಿಂದ ಹಾವಿನ ಮೈ ಸವರಿದರೆ ಅಂಟಿಕೊಂಡು ಬರುತ್ತವೆ. ಒಂದು ಹಾವಿನಿಂದ ಇನ್ನೊಂದಕ್ಕೆ ಬಹಳ ಬೇಗ ಹರಡುತ್ತವೆ. ಕಂಡರೆ ಸುಮ್ನೆ ಯಾವುದೋ ಔಷಧಿ ಸಿಂಪಡಿಸಬೇಡಿ, ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೇ ತೋರಿಸಿ.

ಮೈಟ್ ಇಲ್ಲವಾದರೆ ಶಾಖ ಜಾಸ್ತಿ ಆಗಿರಬಹುದು. ಟ್ಯಾಂಕಿನ ಬಿಸಿ ಬದಿ 31–33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 25–27 ಇರಲಿ. ಥರ್ಮೋಸ್ಟಾಟ್ (ಶಾಖ ಹಿಡಿತದಲ್ಲಿಡುವ ಸಾಧನ) ಇಲ್ಲದ ಹೀಟ್ ಮ್ಯಾಟ್ (ಟ್ಯಾಂಕ್ ಬಿಸಿ ಮಾಡುವ ಹಾಸು) ಬೇಡವೇ ಬೇಡ, ಹೊಟ್ಟೆ ಸುಟ್ಟುಬಿಡುತ್ತದೆ. ಬಿಸಿ, ತಂಪು ಎರಡೂ ಬದಿಯಲ್ಲಿ ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟಾದ ಒಂದೊಂದು ಗೂಡು ಕೊಡಿ. ಈ ಜಾತಿ ಜಾಗ ಬದಲಾದಾಗ ಊಟ ಬಿಡುವುದು ಮಾಮೂಲು. ವಾರಕ್ಕೊಮ್ಮೆ ತೂಕ ನೋಡಿ. ಇಳಿಯುತ್ತಲೇ ಹೋದರೆ ಮಾತ್ರ ಕಾಯಬೇಡಿ, ವೈದ್ಯರಿಗೆ ತೋರಿಸಿ.

ಎರಡು ಮೂರು ತಿಂಗಳಾದರೂ ಬೇರೆ ಕೋಣೆಯಲ್ಲಿಡಿ, ಹಾಸಲು ಬಿಳಿ ಪೇಪರ್ ಸಾಕು. ದಿನಾ ಹಳೆಯವುಗಳ ಕೆಲಸ ಮುಗಿಸಿ ಕೊನೆಗೆ ಇದನ್ನು ಮುಟ್ಟಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬಟ್ಟಲು, ಇಕ್ಕಳ ಎಲ್ಲ ಇದಕ್ಕೇ ಬೇರೆ. ಇನ್ನು ಗೆಕ್ಕೊವನ್ನು ಹಾವಿನ ಟ್ಯಾಂಕಿಗೆ ಯಾವತ್ತೂ ಬಿಡಬೇಡಿ.