ನಿಮ್ಮ ಕಥೆಯ ಐಸಿಯು ದೃಶ್ಯದ ಬಗ್ಗೆ

ನಮಸ್ಕಾರ,

ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾದ ಒಂದೂವರೆ ವರ್ಷದ ಮಗುವಿನ ಕಥೆ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆಯಲ್ಲಿ ತೊಂದರೆ ಇಲ್ಲ. ತೊಂದರೆ ಇರೋದು ಆಸ್ಪತ್ರೆಯ ಭಾಗದಲ್ಲಿ.

ನಿಮ್ಮ ಡಾಕ್ಟರು "ನಿನ್ನ ಹೆಸರೇನು ಪುಟ್ಟಾ?" ಅಂತ ಕೇಳುತ್ತಾರೆ. ಉತ್ತರ ಬರದಿದ್ದಕ್ಕೆ ಗ್ಲಾಸ್ಗೋ ಸ್ಕೋರ್, ಅಂದರೆ ಎಷ್ಟು ಎಚ್ಚರ ಇದೆ ಅಂತ ಅಳೆಯುವ ಅಂಕ, ಸೊನ್ನೆ ಅಂತ ಬರೆಯುತ್ತಾರೆ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಡಾಕ್ಟರುಗಳು ರೂಪಿಸಿದ ಈ ಅಳತೆಯಲ್ಲಿ ಸೊನ್ನೆಯೇ ಇಲ್ಲ. ಹೆಚ್ಚೆಂದರೆ ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6. ಪ್ರತಿಯೊಂದಕ್ಕೂ ಕನಿಷ್ಠ 1 ಇರೋದರಿಂದ ತೀರಾ ಕಡಿಮೆ ಅಂದ್ರೂ ಒಟ್ಟು 3 ಬರುತ್ತದೆ. ಇದನ್ನು ಒಂದು ನಿಮಿಷದಲ್ಲಿ ತಿದ್ದಬಹುದು. ಆದರೆ ಬೀಳುವ ಮುಂಚೆಯೂ ಹೆಸರು ಹೇಳಲು ಬಾರದ ಮಗು ಅದು, ಅಲ್ವಾ? ಪುಟ್ಟ ಮಕ್ಕಳಿಗೆ ಮಾತಿನ ಅಂಕ ಕೊಡುವ ರೀತಿಯೇ ಬೇರೆ. ಎಂದಿನಂತೆ ತೊದಲಿದರೆ 5, ಕಿರಿಕಿರಿಯಿಂದ ಅಳುತ್ತಿದ್ದರೆ 4, ನೋವು ಮಾಡಿದಾಗ ಮಾತ್ರ ಅತ್ತರೆ 3, ಬರೀ ನರಳಿದರೆ 2, ದನಿಯೇ ಇಲ್ಲದಿದ್ದರೆ 1. ಅದೂ ಅಲ್ಲದೆ ಹಿಂದಿನ ಪುಟದಲ್ಲೇ ಮಗುವಿನ ಗಂಟಲಿಗೆ ವೆಂಟಿಲೇಟರ್ ಕೊಳವೆ ಹಾಕಿಸಿದ್ದೀರಿ. ಕೊಳವೆ ಇರುವಾಗ ಅಳುವ ದನಿ ಕೂಡ ಹೊರಡುವುದಿಲ್ಲ. ಮೇಲಿಂದ ನಿದ್ದೆಯ ಔಷಧಿ ಬೇರೆ.

ಕೊನೆಯಲ್ಲಿ ಮಗು ಕಣ್ಣು ಬಿಡುತ್ತದೆ, ಎಲ್ಲರೂ ದೇವರಿಗೆ ಕೈಮುಗಿಯುತ್ತಾರೆ. ಕಣ್ಣು ಬಿಟ್ಟ ಮಾತ್ರಕ್ಕೆ ಅರಿವು ಬಂತು ಅಂತ ಅಲ್ಲ. ಸುತ್ತಲಿನ ಅರಿವೇ ಇಲ್ಲದೆ ನಿದ್ದೆ, ಎಚ್ಚರ ಎರಡೂ ನಡೆಯಬಹುದು. ಡಾಕ್ಟರು ಹುಡುಕುವುದು ಬೇರೆಯದನ್ನ. ಮುಖದ ಮುಂದೆ ಕನ್ನಡಿ ಹಿಡಿದು ಮೆಲ್ಲಗೆ ಸರಿಸಿದರೆ ನೋಟ ಹಿಂಬಾಲಿಸುತ್ತದಾ? ಆಟಿಕೆ ತೋರಿಸಿದರೆ ಕೈ ಚಾಚುತ್ತದಾ? ಬೆಳಿಗ್ಗೆ ಮಾಡಿದ್ದನ್ನು ಸಂಜೆ ಮಾಡದೇ ಇರಬಹುದು. ಹಾಗಾಗಿ ಒಂದು ಸಲ ನೋಡಿ ತೀರ್ಮಾನಿಸುವಂತಿಲ್ಲ, ಮತ್ತೆ ಮತ್ತೆ ನೋಡಬೇಕು.

ಇನ್ನು ನಿಮ್ಮ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು. ಅಪ್ಪನ ಸ್ಕೂಟರ್ ಸದ್ದು ಕೇಳಿದರೆ ಮಗು ಚಪ್ಪಾಳೆ ತಟ್ಟುತ್ತಿತ್ತು ಅಂತ ಅಮ್ಮ ಹೇಳುವ ಆ ಸಾಲು. ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಿಬಿಟ್ಟಿದ್ದೀರಿ! ಇಷ್ಟು ಚಿಕ್ಕ ಮಗುವಿನ ಅರಿವನ್ನು ಅಳೆಯಬೇಕಾದರೆ ಅದಕ್ಕೆ ಮೊದಲು ಏನೇನು ಬರುತ್ತಿತ್ತು ಅಂತ ತಿಳಿದಿರಬೇಕು. ಅದು ಗೊತ್ತಿರೋದು ಅಮ್ಮನಿಗೆ. ಡಾಕ್ಟರು ಅವಳನ್ನು ಹಾಸಿಗೆ ಪಕ್ಕ ಕೂರಿಸಿಕೊಂಡು ಕೇಳಲಿ. ಆ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಂದು ಕೇಳಿಸಲಿ. ಅಜ್ಜಿ "ನನ್ನ ಬೆರಳು ಹಿಡ್ಕೊಂಡ!" ಅಂತ ಕುಣಿಯಲಿ. ಅಂಗೈಗೆ ಏನು ತಾಗಿದರೂ ಬೆರಳು ತಾನಾಗೇ ಮಡಚಿಕೊಳ್ಳಬಹುದು ಅಂತ ಡಾಕ್ಟರು ಅವಳಿಗೆ ಹೇಳಬೇಕಾಗಿ ಬರಲಿ. ಆಸೆ ಇಟ್ಟುಕೊಂಡವರು ಒಂದು ಕಡೆ, ಆತುರಪಡಬಾರದ ಡಾಕ್ಟರು ಇನ್ನೊಂದು ಕಡೆ. ಇಬ್ಬರೂ ಒಂದೇ ಮಗುವನ್ನು ನೋಡುತ್ತಿದ್ದಾರೆ. ನಿಮ್ಮ ಕಥೆ ಇರೋದು ಅಲ್ಲೇ.

ವಿಧಿಯ ಬಗ್ಗೆ ಮಾವನ ಭಾಷಣ ಪೂರ್ತಿ ತೆಗೆಯಿರಿ. ಮೊದಲ ಎರಡು ಪುಟ ಹಾಗೇ ಇರಲಿ. ಸಾಧ್ಯವಾದರೆ ಮಕ್ಕಳ ಐಸಿಯುನಲ್ಲಿ ಕೆಲಸ ಮಾಡುವ ನರ್ಸ್ ಒಬ್ಬರ ಹತ್ತಿರ ಮಾತಾಡಿ, ಆಮೇಲೆ ತಿದ್ದಿ ಕಳಿಸಿ. ಖಂಡಿತ ಓದುತ್ತೇನೆ.