ಗುತ್ತಿಗೆ ಪೌರಕಾರ್ಮಿಕರ ಸಂಘಕ್ಕೆ ಪಾಲಿಕೆಯೊಂದಿಗೆ ನೇರವಾಗಿ ವೇತನ ಒಪ್ಪಂದ ಮಾಡಿಕೊಳ್ಳುವುದು ಏಕೆ ಕಷ್ಟ?

ಕಾಗದದ ಮೇಲೆ ಪಾಲಿಕೆ ಅವರ ಮಾಲೀಕನೇ ಅಲ್ಲ, ಅದಕ್ಕೆ. ಬೀದಿ ಪಾಲಿಕೆಯದು, ಕೆಲಸವೂ ಪಾಲಿಕೆಯದು. ಸಂಬಳ ಕೊಡಬೇಕಾದವನು ಮಾತ್ರ ಗುತ್ತಿಗೆದಾರ. ಕೂಲಿ ಹೆಚ್ಚಿಸಿ ಎಂದು ಸಂಘ ಕೇಳಿದರೆ ಆತ ಟೆಂಡರಿನ ಮೊತ್ತ ತೋರಿಸುತ್ತಾನೆ, ಪಾಲಿಕೆ ಆತನನ್ನು ತೋರಿಸುತ್ತದೆ. ಹಣ ಇರುವವರು ಮಾತುಕತೆಗೆ ಬರುವುದಿಲ್ಲ, ಬರುವವನ ಕೈಯಲ್ಲಿ ಹಣವಿಲ್ಲ. ಗುತ್ತಿಗೆದಾರ ಬದಲಾದರಂತೂ ಮತ್ತೆ ಮೊದಲಿನಿಂದ ಶುರು.

1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಪಾಲಿಕೆಯನ್ನು 'ಪ್ರಧಾನ ಉದ್ಯೋಗದಾತ' (ಯಾರಿಗಾಗಿ ಕೆಲಸ ನಡೆಯುತ್ತದೋ ಅವರು) ಎಂದು ಕರೆದು, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅದೇ ಕೊಡಬೇಕು ಎಂದಿತು. ಬಾಕಿ ವಸೂಲಿಗೆ ಇದು ಸರಿ, ಸಂಬಳ ಏರಿಸುವ ಚೌಕಾಸಿಗೆ ಸಾಲದು. ಗುತ್ತಿಗೆ ಪದ್ಧತಿ ರದ್ದಾದ ಮಾತ್ರಕ್ಕೆ ಕಾರ್ಮಿಕರು ತಾವಾಗಿಯೇ ಕಾಯಂ ಆಗುವುದಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಬೇರೆ ಹೇಳಿತು.

ಹೀಗಾಗಿ ಬೆಂಗಳೂರಿನ ಕಾರ್ಮಿಕರು ಸಂಬಳದಷ್ಟೇ ಜೋರಾಗಿ ಕೇಳಿದ್ದು ನಡುವಿನ ಗುತ್ತಿಗೆದಾರನನ್ನು ತೆಗೆಯಿರಿ ಎಂದು. ಜಾಣ ನಡೆಯೇ. 2018ರ ಹೊತ್ತಿಗೆ ಬೀದಿ ಗುಡಿಸುವವರಿಗೆ ಪಾಲಿಕೆಯಿಂದಲೇ ನೇರ ವೇತನ ಬರತೊಡಗಿತು. 2022ರ ಜುಲೈ ಮುಷ್ಕರದಲ್ಲಿ ಕಾಯಮಾತಿಯ ಬೇಡಿಕೆಗೆ ಉತ್ತರಿಸಬೇಕಾದದ್ದು ಸರ್ಕಾರವೇ. ಕಸದ ಆಟೊ ಚಾಲಕರು ಮತ್ತು ಸಹಾಯಕರು ಆಗಲೂ ಗುತ್ತಿಗೆಯಲ್ಲೇ ಉಳಿದಿದ್ದರು.